ಶಿಲ್ಪಾ ಬೇಡ ಅನ್ನಲಿ

ಚಳ್ಳಕೆರೆ
5 ನವೆಂಬರ್ 2025

ಬೀಗಿತ್ತಿ ಗಂಗಲಕ್ಷ್ಮಿಯವರಿಗೆ ಜಗದಾಂಬ ಮಾಡುವ ಶರಣು.

ಕಾಗದ ನೋಡಿ ಗಾಬರಿಯಾಗಬೇಡಿ, ಎಲ್ಲರೂ ಚೆನ್ನಾಗಿದ್ದೇವೆ. ಫೋನ್ ಇರುವಾಗ ಇದೇನು ಇವರದು ಅಂತ ನಗಲೂಬೇಡಿ. ನಾನು ಫೋನಿನಲ್ಲಿ ಮಾತಾಡಿದರೆ ನಮ್ಮ ಎಣ್ಣೆ ಮಿಲ್ಲಿನ ತನಕ ಕೇಳುತ್ತದೆ. ವಾಟ್ಸಾಪ್ ಹಾಕಿಕೊಟ್ಟವನೇ ಮಗ ಮುರುಗೇಶ, ಅವನ ಕಂಪ್ಯೂಟರಿನಲ್ಲೂ ಎಲ್ಲ ಕಾಣುತ್ತದಂತೆ. ನಮ್ಮ ಎದುರುಮನೆ ಮದರ್ ಬೀ ಪ್ರತಿ ಗುರುವಾರ ನಿಮ್ಮೂರಿಗೆ ಮಗಳ ಮನೆಗೆ ಬಂದು ಶನಿವಾರ ವಾಪಸಾಗುತ್ತಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಕೈಯಲ್ಲಿ ಕೊಡುತ್ತಿದ್ದೇನೆ, ಜೊತೆಗೆ ಒಂದು ಡಬ್ಬಿ ಶೇಂಗಾ ಹೋಳಿಗೆ.

ವಿಷಯ ಇಷ್ಟೇ. ಫೆಬ್ರವರಿ 22ಕ್ಕೆ ಮದುವೆ ಮುಗಿಯುತ್ತಲೇ ಮಕ್ಕಳಿಬ್ಬರೂ ಬೊನೇರ್ ಅನ್ನುವ ದ್ವೀಪಕ್ಕೆ ಹೋಗುತ್ತಾರಂತಲ್ಲ. ಕೆರಿಬಿಯನ್ ಸಮುದ್ರವಂತೆ, ಭೂಮಿಯ ಆ ಮಗ್ಗುಲು. ಮದರ್ ಬೀ ಮಗ ತನ್ವೀರ್ ಅಲ್ಲಿ ಸಿಲಿಂಡರಿಗೆ ಗಾಳಿ ತುಂಬುವ ಕೆಲಸದಲ್ಲಿದ್ದಾನೆ, ಅವನೇ ಕರೆಯುತ್ತಿರುವುದು. ಆ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಸಮುದ್ರದ ತಳಕ್ಕಿಳಿದು ಮೀನು ನೋಡುವುದಂತೆ. ಸ್ಕೂಬಾ ಡೈವಿಂಗ್ ಅಂತಾನೆ ಮುರುಗೇಶ. ಕೇಳಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ.

ನೀವು ಹೇಗಾದರೂ ಮಾಡಿ ನಿಮ್ಮ ಮಗಳು ಶಿಲ್ಪಾಳ ಬಾಯಲ್ಲಿ ಬೇಡ ಅನ್ನಿಸಿ. ನೀರೆಂದರೆ ಭಯ ಅನ್ನಲಿ, ಊಟಿ ಸಾಕು ಅನ್ನಲಿ. ಅವಳು ಬೇಡ ಅಂದರೆ ಇವನು ಎರಡನೇ ಮಾತಾಡುವುದಿಲ್ಲ. ನಾನು ಬೇಡ ಅಂದರೆ ಕಾರಣ ಕೇಳುತ್ತಾನೆ.

ನಾನು ಹೇಳಿದೆ ಅಂತ ಯಾರಿಗೂ ಗೊತ್ತಾಗಬಾರದು. ಓದಿ ಹರಿದುಬಿಡಿ.

ಜಗದಾಂಬ

*

ಮೊಳಕಾಲ್ಮೂರು
8 ನವೆಂಬರ್ 2025

ಬೀಗಿತ್ತಿ ಜಗದಾಂಬ ಅವರಿಗೆ ಶರಣು.

ಹೋಳಿಗೆ ಚೆನ್ನಾಗಿತ್ತು. ಡಬ್ಬಿಯಲ್ಲಿ ಗುರೆಳ್ಳು ಚಟ್ನಿಪುಡಿ ತುಂಬಿದ್ದೇನೆ, ಖಾಲಿ ಡಬ್ಬಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕಾಗದ ಹರಿದಿಲ್ಲ. ಇಪ್ಪತ್ತು ವರ್ಷದಿಂದ ರೇಷ್ಮೆ ಸೀರೆ ಅಂಗಡಿಯಲ್ಲಿ ಕೂತವಳು ನಾನು, ಬರೆದದ್ದನ್ನು ಹರಿಯುವ ಅಭ್ಯಾಸವಿಲ್ಲ.

ನಮ್ಮ ಶಿಲ್ಪಾ ಈವರೆಗೆ ಸಮುದ್ರವನ್ನೇ ಕಂಡವಳಲ್ಲ. ಈಗ ಬೆಳಗೆದ್ದರೆ ಹಿತ್ತಲ ತೊಟ್ಟಿಯಲ್ಲಿ ತಲೆ ಮುಳುಗಿಸಿ ಎಣಿಸುತ್ತಾಳೆ. ಮೊನ್ನೆ ಮುಖ ಕೆಂಪಗೆ ಮಾಡಿಕೊಂಡು ಎದ್ದು, "ಅವ್ವಾ, ಐವತ್ತೆರಡು!" ಅಂತ ಕೂಗಿದಳು. ಆ ಖುಷಿಗೆ ನಾನು ಮಣ್ಣು ಹಾಕಬೇಕೋ?

ಒಂದು ಮಾತು ನೇರ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಹೆತ್ತ ಮಗ. ಬೇಡ ಅನ್ನುವುದಾದರೆ ನೀವೇ ಅನ್ನಿ. ನಮ್ಮ ಹುಡುಗಿಯ ಬಾಯಲ್ಲಿ ಯಾಕೆ ಅನ್ನಿಸಬೇಕು? "ಕಟ್ಟಿಕೊಳ್ಳುವ ಮೊದಲೇ ಗಂಡನ ಆಸೆಗೆ ಅಡ್ಡ ಬಂದಳು" ಅಂತ ನಾಳೆ ನಿಮ್ಮ ಕಡೆಯವರು ಎತ್ತಿ ಆಡಿದರೆ ನಾನು ಯಾರ ಹತ್ತಿರ ಹೋಗಲಿ? ಮಗ ಕಾರಣ ಕೇಳುತ್ತಾನೆ ಅಂತ ಬರೆದಿದ್ದೀರಿ. ನಾನೂ ಕೇಳುತ್ತಿದ್ದೇನೆ. ಏನು ಕಾರಣ?

ಗಂಗಲಕ್ಷ್ಮಿ

*

ಚಳ್ಳಕೆರೆ
12 ನವೆಂಬರ್ 2025

ಬೀಗಿತ್ತಿಯವರಿಗೆ ಶರಣು.

ಛೇ ಛೇ, ಎತ್ತಿ ಆಡುವ ಮನೆಯಲ್ಲ ನಮ್ಮದು. ಶಿಲ್ಪಾ ನನ್ನ ಮಗಳಿದ್ದ ಹಾಗೆ. ಚಟ್ನಿಪುಡಿಯನ್ನು ನಮ್ಮ ಯಜಮಾನರು ಏಕಾಂತಪ್ಪನವರು ಮೂರೇ ದಿನಕ್ಕೆ ಮುಗಿಸಿದರು.

ಕಾರಣ ಕೇಳಿದ್ದೀರಿ. ಹೇಳಬಾರದು ಅಂದುಕೊಂಡಿದ್ದೆ. ಮುರುಗೇಶನ ಜಾತಕದಲ್ಲಿ ಜಲಗಂಡಾಂತರ ಇದೆ. ಮೂವತ್ತೆರಡು ತುಂಬುವ ತನಕ ಆಳದ ನೀರಿಗೆ ಇಳಿಯಬಾರದು ಅಂತ ಅವನು ಹುಟ್ಟಿದಾಗಲೇ ಹೇಳಿದ್ದರು. ಈಗಿನ್ನೂ ಇಪ್ಪತ್ತೊಂಬತ್ತು. ಅದಕ್ಕೇ ಅವನನ್ನು ಕೆರೆಗೆ ಬಿಡಲಿಲ್ಲ, ಬಾವಿಗೆ ಬಿಡಲಿಲ್ಲ, ಶಾಲೆಯಿಂದ ಹೊಳೆ ನೋಡಲು ಕರೆದುಕೊಂಡು ಹೋಗುತ್ತೇವೆ ಅಂದಾಗಲೂ ಜ್ವರ ಅಂತ ಸುಳ್ಳು ಹೇಳಿ ಮನೆಯಲ್ಲಿಟ್ಟುಕೊಂಡೆ. ಅವನಿಗೆ ಜಾತಕದ ಮಾತು ಹೇಳಿದರೆ ನಗುತ್ತಾನೆ. ಅದಕ್ಕೇ ಶಿಲ್ಪಾ ಬೇಡ ಅನ್ನಲಿ ಅಂದೆ. ತಾಯಿ ಹೊಟ್ಟೆ, ಇನ್ನೇನಿಲ್ಲ.

ಈ ಸಲ ಡಬ್ಬಿಯಲ್ಲಿ ಕೋಡುಬಳೆ ಇದೆ.

ಜಗದಾಂಬ

*

ಮೊಳಕಾಲ್ಮೂರು
22 ನವೆಂಬರ್ 2025

ಜಗದಾಂಬ ಅವರಿಗೆ ಶರಣು.

ಹೋದ ಶನಿವಾರ ನಾನು ಕಾಗದ ಕೊಡಲಿಲ್ಲ. ಮರೆತದ್ದಲ್ಲ, ಬೇಕೆಂದೇ ಕೊಡಲಿಲ್ಲ. ವಿಚಾರಿಸುವುದಿತ್ತು.

ಹೆಣ್ಣು ನೋಡಲು ಬರುವ ಮುಂಚೆ ನೀವು ಕಳಿಸಿದ್ದ ಜಾತಕವನ್ನು ರಾಂಪುರದ ಜೋಯಿಸರ ಹತ್ತಿರ ಒಯ್ದೆ. ಯಾರದ್ದು, ಯಾಕೆ ಅಂತ ಹೇಳಲಿಲ್ಲ. ನೀರಿನ ಗಂಡಾಂತರ ಇದೆಯಾ ನೋಡಿ ಅಂದೆ ಅಷ್ಟೇ. ಹಿಂದೆ ಮುಂದೆ ತಿರುವಿ ನೋಡಿದರು. "ಇಲ್ಲಮ್ಮಾ, ಈ ಹುಡುಗನಿಗೆ ನೀರಿಂದ ಲಾಭಾನೇ ಐತೆ. ಬೋರ್ ಹಾಕ್ಸಿದ್ರೆ ನೀರು ಬೀಳ್ತೈತೆ" ಅಂದರು.

ಈಗ ಎರಡರಲ್ಲೊಂದು. ನಮಗೆ ಕೊಟ್ಟ ಜಾತಕ ಸುಳ್ಳು, ಇಲ್ಲ ನೀವು ಬರೆದ ಕಾಗದ ಸುಳ್ಳು. ಯಾವುದು ಅಂತ ನೀವೇ ಆರಿಸಿಕೊಳ್ಳಿ.

ಇನ್ನೊಂದು. ಏಕಾಂತಪ್ಪನವರು ಹದಿನೈದು ದಿನದಲ್ಲಿ ಎರಡು ಸಲ ದಾವಣಗೆರೆಗೆ ಹೋಗಿದ್ದರಂತೆ. ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿರುವ ದೊಡ್ಡ ಮನೆಯೊಂದರಲ್ಲಿ ಕೂತದ್ದನ್ನು ನಮ್ಮ ತಮ್ಮ ಯತ್ತಪ್ಪ ಕಣ್ಣಾರೆ ನೋಡಿದ್ದಾನೆ. ನಮಗಿಂತ ದೊಡ್ಡ ಸಂಬಂಧ ಸಿಕ್ಕಿದೆಯೇ? ಹುಡುಗಿಯ ಕಡೆಯಿಂದಲೇ ಜಗಳ ಎಬ್ಬಿಸಿ ಕೈತೊಳೆದುಕೊಳ್ಳುವ ಆಲೋಚನೆಯೇ?

ಮದರ್ ಬೀಯನ್ನೂ ಕೇಳಿದೆ. ಮುರುಗೇಶನಿಗೆ ಬೇರೆ ಯಾರಾದರೂ ಇದ್ದಾಳೇನಮ್ಮಾ ಅಂದೆ. "ತೋಬಾ, ಹುಡ್ಗ ಬಂಗಾರ ಅವ್ನೆ. ನನ್ನ ಮಾತ್ರ ಏನೂ ಕೇಳ್ಬ್ಯಾಡ್ರಿ ಅಮ್ಮಾ" ಅಂದವಳೇ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದಳು. ಬಂಗಾರದಂಥ ಹುಡುಗನ ವಿಷಯ ಕೇಳಿದರೆ ಯಾರಾದರೂ ಎದ್ದು ಹೋಗುತ್ತಾರೆಯೇ?

ಡಬ್ಬಿಯಲ್ಲಿ ಅವಲಕ್ಕಿ ಇದೆ.

ಗಂಗಲಕ್ಷ್ಮಿ

*

ಚಳ್ಳಕೆರೆ
26 ನವೆಂಬರ್ 2025

ಗಂಗಲಕ್ಷ್ಮಿಯವರೇ,

ಜಾತಕ ನಿಜ. ಕಾಗದ ಸುಳ್ಳು. ತಪ್ಪಾಯಿತು, ಗಲ್ಲ ಗಲ್ಲ ಬಡಿದುಕೊಂಡು ಕೇಳುತ್ತಿದ್ದೇನೆ, ಕ್ಷಮಿಸಿ. ಆದರೆ ದಾವಣಗೆರೆಯ ಮಾತು ಮನಸ್ಸಿನಿಂದ ತೆಗೆದುಹಾಕಿ. ಅದು ನಮ್ಮ ಮಿಲ್ಲಿಗೆ ಯಂತ್ರ ಕೊಟ್ಟವರ ಮನೆ. ಗಾಣದ ಒಂದು ಭಾಗ ಮುರಿದಿತ್ತು, ಅದಕ್ಕೆ ಹೋಗಿದ್ದರು. ಶಿಲ್ಪಾ ಬಿಟ್ಟು ಬೇರೆ ಹುಡುಗಿಯ ಯೋಚನೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಆ ಶಿವನಾಣೆ.

ನಿನ್ನೆ ಇನ್ನೊಂದು ಗೊತ್ತಾಯಿತು. ಬೆಳಗಾಗೆದ್ದು ವಾಕಿಂಗ್ ಅಂತ ಹೋಗುತ್ತಿದ್ದ ಮುರುಗೇಶ ವಾಕಿಂಗಿಗೆ ಹೋಗುತ್ತಿರಲಿಲ್ಲ. ಮದರ್ ಬೀ ಗಂಡ ಚಾಂದ್ ಪಾಷ ಇದ್ದಾರಲ್ಲ, ಬಾವಿಗೆ ಬಿದ್ದ ಪಂಪು ಮೋಟರು ಎತ್ತುವ ಮೆಕ್ಯಾನಿಕ್ಕು, ಅವರ ಜೊತೆ ಪರಶುರಾಂಪುರದ ರಸ್ತೆಯ ಒಂದು ತೋಟದ ಬಾವಿಯಲ್ಲಿ ಈಜು ಕಲಿಯುತ್ತಿದ್ದಾನೆ. ಒಂದು ತಿಂಗಳಾಯಿತಂತೆ. ಒದ್ದೆ ಟವೆಲು ಸ್ಕೂಟರಿನ ಡಿಕ್ಕಿಯಲ್ಲಿ ಸಿಕ್ಕಿತು.

ಒಂದು ಉಪಕಾರ ಮಾಡಿ. ಆ ದ್ವೀಪದವರು ಆರೋಗ್ಯದ ಬಗ್ಗೆ ಏನೋ ಫಾರಂ ತುಂಬಿಸುತ್ತಾರಂತೆ. ಶಿಲ್ಪಾಳ ಹತ್ತಿರ ಇರಬೇಕು. ಅದರಲ್ಲಿ ಏನೇನು ಕೇಳಿದ್ದಾರೆ? ಈಗಿನದ್ದು ಮಾತ್ರ ಕೇಳುತ್ತಾರೋ, ಚಿಕ್ಕಂದಿನದ್ದೂ ಕೇಳುತ್ತಾರೋ? ಮುರುಗೇಶ ಏನು ಬರೆದಿದ್ದಾನೆ? ಅವನನ್ನು ಕೇಳದೆ ನೋಡಿ ತಿಳಿಸಿ.

ಜಗದಾಂಬ

*

ಮೊಳಕಾಲ್ಮೂರು
29 ನವೆಂಬರ್ 2025

ಶ್ರೀಮತಿ ಜಗದಾಂಬ ಏಕಾಂತಪ್ಪನವರಿಗೆ,

ಫಾರಂ ಸಿಕ್ಕಿತು. ಶಿಲ್ಪಾ ಕನ್ನಡದಲ್ಲಿ ಹೇಳಿದಳು, ನಾನು ಬರೆದುಕೊಂಡೆ. ಹೃದಯದ ಕಾಯಿಲೆ ಇದೆಯಾ, ಉಬ್ಬಸ ಇದೆಯಾ, ಯಾವಾಗಲಾದರೂ ಫಿಟ್ಸ್ ಬಂದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಂಡಿದ್ದೀರಾ, ಗರ್ಭಿಣಿಯಾ. ಚಿಕ್ಕಂದಿನದ್ದೂ ಕೇಳುತ್ತಾರೆ.

ನಿಮ್ಮ ಮಗ ಎಲ್ಲಕ್ಕೂ "ಇಲ್ಲ" ಅಂತ ಗುರುತು ಹಾಕಿ ಸಹಿ ಮಾಡಿದ್ದಾನೆ. ಅಲ್ಲಿಗೆ ಅವನ ಮಾತು ಮುಗಿಯಿತು. ಹಾಗಾದರೆ ಈ ಫಾರಂ ಮೇಲೆ ನಿಮಗೇಕೆ ಇಷ್ಟು ಕಣ್ಣು? ಕೂತು ಯೋಚಿಸಿದೆ, ಹೊಳೆಯಿತು. ನಿಮಗೆ ಬೇಕಾಗಿರುವುದು ನನ್ನ ಮಗಳು ಏನು ಬರೆದಿದ್ದಾಳೆ ಅನ್ನುವುದು. ಅವಳಿಗೆ ಏನೋ ರೋಗ ಇದೆ ಅಂತ ಯಾರೋ ನಿಮ್ಮ ಕಿವಿ ಊದಿದ್ದಾರೆ. ಗರ್ಭಿಣಿಯಾ ಅನ್ನುವ ಪ್ರಶ್ನೆಯ ಮೇಲೂ ಆಸೆ ಇಟ್ಟುಕೊಂಡಿದ್ದೀರೋ ಏನೋ! ಹೆಣ್ಣು ಕೊಡುವವರಾದ ಮಾತ್ರಕ್ಕೆ ನಾವು ಮಾನ ಮರ್ಯಾದೆ ಬಿಟ್ಟವರಲ್ಲ. ಇಗೋ, ಅವಳ ಫಾರಮಿನ ಪ್ರತಿಯನ್ನೂ ಇಟ್ಟಿದ್ದೇನೆ, ಕನ್ನಡಕ ಹಾಕಿಕೊಂಡು ನೋಡಿ.

ಬರುವ ಗುರುವಾರ ನಿಜವಾದ ಕಾರಣ ಬರೆದು ಕಳಿಸಿ. ಇಲ್ಲವಾದರೆ ನಿಶ್ಚಿತಾರ್ಥದ ಸೀರೆ, ಉಂಗುರ ನಿಮ್ಮ ಮನೆ ಬಾಗಿಲಿಗೆ ಬರುತ್ತವೆ. ನಮ್ಮ ಯಜಮಾನರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಗುರುವಾರದ ತನಕವೂ ಕಾಯುವವರಲ್ಲ.

ಡಬ್ಬಿ ಖಾಲಿ ಇದೆ.

ಗಂಗಲಕ್ಷ್ಮಿ

*

ಚಳ್ಳಕೆರೆ
1 ಡಿಸೆಂಬರ್ 2025, ಬೆಳಿಗ್ಗೆ

ಗಂಗಲಕ್ಷ್ಮಿಯವರೇ,

ಗುರುವಾರದ ತನಕ ನಾನು ಬದುಕಿರಲಾರೆ. ಮದರ್ ಬೀಯನ್ನು ಬೇಡಿಕೊಂಡೆ, ಇದಕ್ಕೆಂದೇ ಇವತ್ತು ಬಸ್ಸು ಹತ್ತುತ್ತಿದ್ದಾಳೆ.

ನಿಮ್ಮ ಮಗಳ ಫಾರಂ ನಾನು ಬಿಚ್ಚಿಯೂ ನೋಡಿಲ್ಲ. ರೋಗ ಇದ್ದದ್ದು ನನ್ನ ಮಗನಿಗೆ.

ಒಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ಫಿಟ್ಸ್ ಬಂತು. ಆಮೇಲೆ ವರ್ಷಕ್ಕೆರಡು, ಮೂರು. ಹದಿನಾಲ್ಕರಲ್ಲಿದ್ದಾಗ ಚಾಂದ್ ಪಾಷನ ಗ್ಯಾರೇಜಿನಲ್ಲಿ ತನ್ವೀರ್ ಜೊತೆ ಆಡುತ್ತಾ ಬಿದ್ದ. ಚಾಂದ್ ಪಾಷ ಓಡಿಬಂದು ಕೈಗೆ ಕಬ್ಬಿಣದ ಸ್ಪ್ಯಾನರು ಹಿಡಿಸಿ ಕೂತಿದ್ದರಂತೆ, ನಾನು ಹೋಗುವಷ್ಟರಲ್ಲಿ ಮದರ್ ಬೀ ಬಾಯಿ ಒರೆಸುತ್ತಿದ್ದಳು. ಆ ಮನೆಯವರು ಇವತ್ತಿನ ತನಕ ಒಬ್ಬರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಅವಳು ಚಹಾ ಬಿಟ್ಟು ಎದ್ದದ್ದು ಅದಕ್ಕೆ. ಆಕೆ ಸುಳ್ಳು ಹೇಳುವ ಹೆಂಗಸಲ್ಲ.

ಇಲ್ಲಿ ತೋರಿಸಿದರೆ ಊರೆಲ್ಲ ಆಗುತ್ತದೆ ಅಂತ ಬಳ್ಳಾರಿಗೆ ಕರೆದೊಯ್ಯುತ್ತಿದ್ದೆವು. ಅವನಿಗೂ ಹೇಳಲಿಲ್ಲ. ಎಚ್ಚರವಾದಾಗ ಅವನಿಗೆ ಏನೂ ನೆನಪಿರುತ್ತಿರಲಿಲ್ಲ. ಪಿತ್ತ ಏರಿ ತಲೆ ತಿರುಗಿತು ಕಣಪ್ಪಾ ಅಂದರೆ ನಂಬುತ್ತಿದ್ದ. ಡಾಕ್ಟರ ಹತ್ತಿರ ಹೋಗುವುದು ತಲೆನೋವಿಗೆ ಅಂತ ಅವನಿಗೆ ಹೇಳಿದೆವು. ಮಾತ್ರೆ ಕೊಟ್ಟರೆ ಯಾಕೆ ಏನು ಅಂತ ಕೇಳುವ ವಯಸ್ಸು ಬಂದ ಮೇಲೆ ಅದನ್ನು ಅರೆದು ಬೆಳಗಿನ ಹಾಲಿಗೆ ಹಾಕಿದೆ. ಕಹಿ ಗೊತ್ತಾಗಬಾರದು ಅಂತ ಬೆಲ್ಲ ಜಾಸ್ತಿ. ಆರು ವರ್ಷ, ಒಂದು ದಿನ ತಪ್ಪಿಸದೆ. ಹದಿನೇಳರಲ್ಲಿ ಬಂದದ್ದೇ ಕೊನೆ. ಇಪ್ಪತ್ತಕ್ಕೆ ಡಾಕ್ಟರೇ ಮಾತ್ರೆ ನಿಲ್ಲಿಸಿದರು. ಅದಾಗಿ ಒಂಬತ್ತು ವರ್ಷ ಆಯಿತು, ಏನೂ ಇಲ್ಲ. ಪೂರ್ತಿ ವಾಸಿಯಾಯಿತು ಅಂತ ಎದುರುಮನೆಯವರಿಗೂ ನಾನೇ ಹೇಳಿದ್ದೆ, ಅದನ್ನು ನಂಬಿಯೇ ಚಾಂದ್ ಪಾಷ ಅವನನ್ನು ಬಾವಿಗಿಳಿಸಿದ್ದಾರೆ. ಆ ಫಾರಮಿನಲ್ಲಿ ಅವನು ಸುಳ್ಳು ಬರೆದಿಲ್ಲ. ಅವನಿಗೆ ಗೊತ್ತೇ ಇಲ್ಲ.

ನಿಶ್ಚಿತಾರ್ಥಕ್ಕೆ ಮುಂಚೆ ಹೇಳಿಬಿಡೋಣ ಅಂದೆ. "ಹೋದದ್ದನ್ನ ಯಾಕೆ ಎಬ್ಬಿಸ್ತೀಯೆ? ಒಂದು ಸಲ ಬಾಯಿಗೆ ಬಿದ್ರೆ ಈ ತಾಲ್ಲೂಕಲ್ಲಿ ಯಾವನೂ ಹೆಣ್ಣು ಕೊಡಲ್ಲ" ಅಂದರು ಯಜಮಾನರು. ಅವರ ಮೇಲೆ ಹಾಕಲ್ಲ. ಒಪ್ಪಿದವಳು ನಾನೇ.

ನೆಲದ ಮೇಲೆ ಬಿದ್ದರೆ ಯಾರಾದರೂ ಹಿಡಿಯುತ್ತಾರೆ. ಅರವತ್ತು ಅಡಿ ನೀರಿನೊಳಗೆ ಬಾಯಿಂದ ಆ ನಳಿಗೆ ಬಿಟ್ಟುಹೋದರೆ? ಯಾರು ಸ್ಪ್ಯಾನರು ಹಿಡಿಸುತ್ತಾರೆ? ಇಷ್ಟು ವರ್ಷ ಅವನನ್ನು ನೀರಿನ ಹತ್ತಿರ ಬಿಡದೆ ಕಾದೆ. ಬಿಡದೆ ಇದ್ದದ್ದಕ್ಕೇ ಅವನಿಗೆ ನೀರಿನ ಹುಚ್ಚು ಹತ್ತಿತೋ ಏನೋ. ದಿನಾ ಬೆಳಿಗ್ಗೆ ಸ್ಕೂಟರ್ ಸದ್ದಾಗುವ ತನಕ ಬಾಗಿಲಲ್ಲೇ ನಿಂತಿರುತ್ತೇನೆ.

ಮದುವೆ ಮುರಿಯುವುದಿದ್ದರೆ ಮುರಿಯಿರಿ, ನಾನು ಒಂದು ಮಾತೂ ಆಡುವುದಿಲ್ಲ. ಅವನನ್ನು ನೀರಿಗಿಳಿಯದ ಹಾಗೆ ಮಾತ್ರ ತಡೆಯಿರಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ಜಗದಾಂಬ

*

ಮೊಳಕಾಲ್ಮೂರು
1 ಡಿಸೆಂಬರ್ 2025, ಮಧ್ಯಾಹ್ನ

ಜಗದಾಂಬ ಅವರೇ,

ಮದರ್ ಬೀಯನ್ನು ಎದುರಿಗೆ ಕೂರಿಸಿಕೊಂಡು ಬರೆಯುತ್ತಿದ್ದೇನೆ. ಅವಳು ಸೆರಗಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾಳೆ. ನನಗೆ ಅಳು ಬರುತ್ತಿಲ್ಲ, ಮೈಯೆಲ್ಲ ಉರಿಯುತ್ತಿದೆ.

ಮೊದಲೇ ಹೇಳಿದ್ದರೆ ಹೆಣ್ಣು ಕೊಡುತ್ತಿದ್ದಿರಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೊಡುತ್ತಿರಲಿಲ್ಲ. ಏನೋ ಒಂದು ನೆವ ಹೇಳಿ ಕಳಿಸುತ್ತಿದ್ದೆ. ಅದೂ ನಿಜ.

ಆದರೆ ಮೂರು ವಾರ ನನ್ನನ್ನು ಜೋಯಿಸರ ಮನೆಗೆ ಅಲೆಸಿ, ನನ್ನ ಮಗಳ ಬಾಯಲ್ಲಿ ನಿಮ್ಮ ಸುಳ್ಳು ಆಡಿಸಲು ಹೊರಟಿರಲ್ಲ! ಇವಳು ಬೇಡ ಅಂದು, ಅವನು ಮುನಿಸಿಕೊಂಡು, ನಾಲ್ಕು ವರ್ಷ ಬಿಟ್ಟು ತನ್ವೀರನ ಜೊತೆ ಒಬ್ಬನೇ ಹೋಗಿ ಮುಳುಗಿದ್ದರೆ? ಆಗ ನನ್ನ ಮಗಳ ಗತಿ ಏನು? ಅದನ್ನು ಯೋಚಿಸಿದಿರಾ?

ತಡೆಯಿರಿ ಅಂತೀರಿ. ನಾನು ಯಾಕೆ ತಡೆಯಲಿ? ನನಗೆ ಹೇಳಿದ್ದನ್ನು ಅವನಿಗೆ ಹೇಳಿ. ರೋಗ ಇದ್ದವನಿಗೇ ಗೊತ್ತಿಲ್ಲದ್ದನ್ನು ಬೀಗಿತ್ತಿಗೆ ಬರೆದು ಕಳಿಸುವುದು ಯಾವ ಊರಿನ ನ್ಯಾಯ? ಶನಿವಾರದ ತನಕ ಕಾಯುತ್ತೇನೆ. ಅಷ್ಟರೊಳಗೆ ಹೇಳದಿದ್ದರೆ ಶಿಲ್ಪಾಗೆ ನಾನು ಹೇಳುತ್ತೇನೆ, ಅವಳು ಅವನಿಗೆ ಹೇಳುತ್ತಾಳೆ. ಮಗ ಇದನ್ನು ಯಾರ ಬಾಯಿಂದ ಕೇಳಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ.

ಗಂಗಲಕ್ಷ್ಮಿ

*

ಮೊಳಕಾಲ್ಮೂರು
10 ಡಿಸೆಂಬರ್ 2025

ಜಗದಾಂಬ ಅವರಿಗೆ,

ನಿಮ್ಮಿಂದ ಕಾಗದ ಬರಲಿಲ್ಲ. ಗುರುವಾರ ಮದರ್ ಬೀ ಬರಿಗೈಯಲ್ಲಿ ಬಂದಳು. ಶನಿವಾರ ಸಂಜೆ ಶಿಲ್ಪಾಳನ್ನು ಕರೆದು ಕೂರಿಸಿದ್ದೆ, ಆದರೆ ನಾಳೆ ಹೇಳೋಣ ಅಂತ ಬಿಟ್ಟೆ.

ಭಾನುವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಮುರುಗೇಶನೇ ಬಂದ. ನಿಮಗೆ ಹೇಳಿ ಬಂದನೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಎಲ್ಲ ಬರೆಯುತ್ತಿದ್ದೇನೆ. ಒಳಗೆ ಬಾರಪ್ಪಾ ಅಂದರೆ ಬರಲಿಲ್ಲ, ಅಂಗಡಿಯ ಮೆಟ್ಟಿಲ ಮೇಲೇ ಕೂತ. ಶಿಲ್ಪಾ ಬಂದ ಮೇಲೆ ಜೇಬಿನಿಂದ ಹೊಸ ಫಾರಂ ತೆಗೆದು ಕೊಟ್ಟ. ಫಿಟ್ಸಿನ ಮುಂದೆ "ಹೌದು" ಅಂತ ಗುರುತು ಹಾಕಿದ್ದ.

"ನಂಗೂ ಶುಕ್ರವಾರನೇ ಗೊತ್ತಾಗಿದ್ದು ಶಿಲ್ಪಾ. ನಿಮ್ಗೆ ಮೋಸ ಮಾಡ್ಬೇಕು ಅಂತ ಅಲ್ಲ" ಅಂದ.

ಅವಳು ಪೂರ್ತಿ ಓದಿದಳು. ಆಮೇಲೆ ಕೇಳಿದಳು, "ಈಗ ಮಾತ್ರೆ ಏನಾದ್ರೂ ತಗೊಳ್ತಿದ್ದೀರಾ?"

"ನಂಗೆ ಗೊತ್ತಿರೋ ಹಂಗೆ ಇಲ್ಲ" ಅಂದ.

ಅಷ್ಟು ಕೇಳಿದ್ದೇ ನನ್ನ ಮಗಳು ಸೀರೆ ಗಿರಾಕಿಗಳ ಎದುರಿಗೇ ಗೊಳೋ ಅಂತ ಅತ್ತುಬಿಟ್ಟಳು. ರೋಗಕ್ಕೆ ಅತ್ತದ್ದಲ್ಲ ಅದು. ಇಪ್ಪತ್ತೊಂಬತ್ತು ವರ್ಷದ ಗಂಡಸು, ತನ್ನ ಮೈಯೊಳಗೆ ಏನು ಹೋಗುತ್ತಿದೆ ಅಂತ ಹೇಳಲಾರದೆ ಕೂತಿದ್ದನಲ್ಲ, ಅದಕ್ಕೆ.

ನಿನ್ನೆ ಇಬ್ಬರೂ ದಾವಣಗೆರೆಯ ದೊಡ್ಡ ಡಾಕ್ಟರ ಹತ್ತಿರ ಹೋಗಿ ಬಂದರು. ಮದುವೆಗೆ ಏನೂ ಅಡ್ಡಿ ಇಲ್ಲ, ಆಳದ ನೀರಿಗೆ ಮಾತ್ರ ತಾನು ಸಹಿ ಹಾಕಲಾರೆ ಅಂದರಂತೆ. ನಮ್ಮ ಯಜಮಾನರು ಕೂಗಾಡಿದರು, ಎರಡು ದಿನ ಊಟ ಬಿಟ್ಟರು. ಶಿಲ್ಪಾ, "ಅಪ್ಪಾ, ಅವ್ರು ಗೊತ್ತಾದ ಎರಡೇ ದಿನಕ್ಕೆ ಬಂದು ಹೇಳಿದ್ರು. ಇನ್ನೆಂಥವ್ರನ್ನ ತರ್ತೀಯಾ ನೀನು?" ಅಂದಳು. ಅವರು ಎದ್ದು ಕೈ ತೊಳೆದು ತಟ್ಟೆಯ ಮುಂದೆ ಕೂತರು.

ಫೆಬ್ರವರಿ 22 ಗಟ್ಟಿ. ಬೊನೇರ್ ಕೂಡ ಗಟ್ಟಿ. ಶಿಲ್ಪಾ ಮುಳುಗುತ್ತಾಳಂತೆ, ಮುರುಗೇಶ ತನ್ವೀರನ ಜೊತೆ ದೋಣಿಯಲ್ಲಿ ಕೂತಿರುತ್ತಾನಂತೆ. ಹೊರಡುವಾಗ ಅವನ ಮುಖ ನೋಡಿದೆ, ಪಾಪ ಅನ್ನಿಸಿತು. ನಾನು ಈ ಮದುವೆಗೆ ಒಪ್ಪಿರುವುದು ಅವನ ಮುಖ ನೋಡಿ, ನಿಮ್ಮ ಮುಖ ನೋಡಿ ಅಲ್ಲ.

ಶುಕ್ರವಾರ ನೀವು ಹೇಗೆ ಹೇಳಿದಿರಿ ಅಂತ ಅವನನ್ನು ಕೇಳಿದೆ. ಹೇಳಲಿಲ್ಲ.

ಗಂಗಲಕ್ಷ್ಮಿ

*

ಚಳ್ಳಕೆರೆ
18 ಡಿಸೆಂಬರ್ 2025

ಗಂಗಲಕ್ಷ್ಮಿಯವರಿಗೆ ಶರಣು.

ನಿಮ್ಮ ಕಾಗದವನ್ನು ಐದು ಸಲ ಓದಿದೆ. ಮೆಟ್ಟಿಲ ಮೇಲೆ ಕೂತ ಮಾತು, ದಾವಣಗೆರೆ, ದೋಣಿ, ಯಾವುದನ್ನೂ ಅವನು ನನಗೆ ಹೇಳಿರಲಿಲ್ಲ. ಶಿಲ್ಪಾಗೆ ನನ್ನ ಕೈಮುಗಿದ ನಮಸ್ಕಾರ ತಿಳಿಸಿ. ಸೊಸೆಗೆ ಅತ್ತೆ ಕೈಮುಗಿಯಬಾರದು ಅಂತಾರೆ, ಪರವಾಗಿಲ್ಲ.

ಶುಕ್ರವಾರ ಬೆಳಿಗ್ಗೆ ಬಾವಿಗೆ ಹೊರಟವನ ಸ್ಕೂಟರಿನ ಬೀಗದ ಕೈ ಕಿತ್ತುಕೊಂಡು ಹೇಳಿದೆ. ಅಂಗಳದಲ್ಲೇ ನಿಂತು ಕೇಳಿದ. ಯಾವ ವರ್ಷ, ಎಷ್ಟು ಸಲ, ಯಾರ್ಯಾರು ನೋಡಿದ್ದಾರೆ, ಎಲ್ಲ ಕೇಳಿದ. ಹಾಲಿನ ವಿಷಯ ಹೇಳಿದಾಗ ಮಾತ್ರ, "ಬೆಲ್ಲ ಅದಕ್ಕಾ ಹಾಕ್ತಿದ್ದೆ?" ಅಂದ. ಹೂಂ ಅಂದೆ. ಬೀಗದ ಕೈ ವಾಪಸ್ ಕೇಳಲಿಲ್ಲ. ಬಾವಿಗೂ ಹೋಗಲಿಲ್ಲ.

ಮಗ ಉಳಿದ. ಸಂಬಂಧ ಉಳಿಯಿತು. ಬೇಡಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು ನನಗೆ. ಖುಷಿಯಾಗಿದ್ದೇನೆ, ನಿಜ.

ಅವನು ಮಾತು ಬಿಟ್ಟಿಲ್ಲ. ಜಗಳ ಆಡಿಲ್ಲ. ಲಗ್ನಪತ್ರಿಕೆ ತಂದು ತೋರಿಸಿದ, ಹೆಸರು ಸರಿ ಇದೆಯಾ ನೋಡವ್ವಾ ಅಂದ. ಊಟ ಮಾತ್ರ ಮಿಲ್ಲಿನ ಹತ್ತಿರದ ಹೋಟೆಲಿನಲ್ಲಿ. ಮನೆಯಲ್ಲಿ ತಾನೇ ಪಾಕೀಟು ಒಡೆದು ಹಾಲು ಕಾಯಿಸಿಕೊಳ್ಳುತ್ತಿದ್ದ. ಒಂದು ವಾರ ನೋಡಿದೆ, ತಡೆಯಲಾಗಲಿಲ್ಲ. ಸೋಮವಾರ ಕಾಫಿ ಮಾಡಿ ಎದುರಿಗಿಟ್ಟೆ. ಲೋಟ ಮುಟ್ಟಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. "ಏನ್ ಹಾಕಿದೀಯವ್ವಾ ಇದ್ರಾಗೆ?" ಅಂದ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಕೇಳಿದ.

ಈಗ ಅಡುಗೆಮನೆಯಲ್ಲಿ ಅವನು ನೋಡುವ ಹಾಗೆ ಕಾಯಿಸುತ್ತೇನೆ. ಒಂದೇ ಪಾತ್ರೆಯಿಂದ ಎರಡು ಲೋಟಕ್ಕೆ ಬಗ್ಗಿಸುತ್ತೇನೆ. ಯಾವ ಲೋಟ ಅಂತ ಅವನೇ ಆರಿಸುತ್ತಾನೆ. ನಾನು ನನ್ನದನ್ನು ಪೂರ್ತಿ ಕುಡಿದು ಕೆಳಗಿಟ್ಟ ಮೇಲೆ ಅವನು ಕುಡಿಯುತ್ತಾನೆ.

ಜಗದಾಂಬ